ಗೋಲು ಹೊಡೆದವಳ ಹೆಸರು

ರಾತ್ರಿ ಹತ್ತೂವರೆಗೆ ಕ್ರೀಡಾಪುಟ ಮುಗಿಯಬೇಕು. ಹತ್ತು ಗಂಟೆಗೆ ಜಾಹೀರಾತೊಂದು ಬಂದು ಕೂತರೆ ಡೆಸ್ಕಿನಲ್ಲಿ ಮೊದಲು ಕತ್ತರಿ ಬೀಳುವುದು ಮಹಿಳಾ ಫುಟ್‌ಬಾಲ್ ಸುದ್ದಿಗೆ. ಹಾಗೊಂದು ರಾತ್ರಿ ಬೆಂಗಳೂರಿನ ಲೀಗ್ ಪಂದ್ಯವೊಂದರ ವರದಿಯನ್ನು ನಾನೇ ಎರಡು ಸಾಲಿಗೆ ಇಳಿಸಿದೆ. ತಂಡಗಳ ಹೆಸರು, 3–1, ಅಷ್ಟೇ. ಬೆಳಿಗ್ಗೆ ಫೋನು ಬಂತು.

‘ಅದ್ರಲ್ಲಿ ಎರಡು ಗೋಲು ನಮ್ಮ ಹುಡುಗೀದು ಸಾರ್. ಹೆಸರೇ ಬಿಟ್ಬಿಟ್ಟಿದೀರಲ್ಲ?’

ಆ ಅಪ್ಪನ ದನಿಯಲ್ಲಿ ಸಿಟ್ಟಿರಲಿಲ್ಲ. ಬೈದಿದ್ದರೆ ವಾಸಿಯಿತ್ತು.

‘ಜನ ನೋಡಲ್ಲ, ಅದಕ್ಕೇ ಹಾಕಲ್ಲ’ ಎನ್ನುವುದು ನಮ್ಮ ಡೆಸ್ಕಿನ ಹಳೇ ಸಮಜಾಯಿಷಿ. ಇಪ್ಪತ್ತು ವರ್ಷ ನಾನೂ ಅದನ್ನೇ ಹೇಳಿಕೊಂಡು ಬಂದೆ. ಮಹಿಳಾ ಫುಟ್‌ಬಾಲಿನ ಚರಿತ್ರೆ ಓದಿದ ಮೇಲೆ ಆ ಮಾತು ಬಾಯಿಗೆ ಬರುತ್ತಿಲ್ಲ.

ಇಂಗ್ಲೆಂಡಿನ ಪ್ರೆಸ್ಟನ್‌ನಲ್ಲಿ ಡಿಕ್, ಕೆರ್ ಎಂಬ ಕಾರ್ಖಾನೆ. ಮೊದಲ ಮಹಾಯುದ್ಧದ ಕಾಲದಲ್ಲಿ ಅಲ್ಲಿ ಕೆಲಸಕ್ಕಿದ್ದ ಹೆಣ್ಣುಮಕ್ಕಳು ಒಂದು ತಂಡ ಕಟ್ಟಿದರು. 1920ರ ಡಿಸೆಂಬರ್ 26ರಂದು ಲಿವರ್‌ಪೂಲ್‌ನ ಗುಡಿಸನ್ ಪಾರ್ಕ್‌ನಲ್ಲಿ ಅವರ ಆಟ ನೋಡಲು ಸೇರಿದವರು 53,000 ಜನ. ಒಳಗೆ ಜಾಗ ಸಿಗದೆ ವಾಪಸು ಹೋದವರು ಸಾವಿರಾರು. ತಂಡದ ಮುಂಚೂಣಿ ಆಟಗಾರ್ತಿ ಫ್ಲಾರಿ ರೆಡ್‌ಫೋರ್ಡ್ ರೈಲು ತಪ್ಪಿಸಿಕೊಂಡಿದ್ದರಿಂದ ನಾಯಕಿ ಆಲಿಸ್ ಕೆಲ್ ಮುಂದಿನ ಸಾಲಿಗೆ ಬಂದು ಮೂರು ಗೋಲು ಹೊಡೆದರು. ನೂರು ವರ್ಷದ ಮೇಲೂ ಇದು ನಮಗೆ ಗೊತ್ತಿರುವುದು ಅಂದು ಯಾರೋ ಬರೆದಿಟ್ಟಿದ್ದರಿಂದ. ಮರುವರ್ಷ, 1921ರ ಡಿಸೆಂಬರ್ 5ರಂದು, ಇದು ಹೆಂಗಸರಿಗೆ ತಕ್ಕ ಆಟವಲ್ಲ ಎಂದು ಫುಟ್‌ಬಾಲ್ ಅಸೋಸಿಯೇಷನ್ ತನ್ನ ಕ್ಲಬ್ಬುಗಳ ಮೈದಾನಗಳ ಬಾಗಿಲು ಹಾಕಿತು. ಆ ಬೀಗ ತೆಗೆಯಲು ಅರ್ಧ ಶತಮಾನ ಹಿಡಿಯಿತು. ಅಂದರೆ ನೋಡುಗರು ತಾವಾಗಿ ಎದ್ದು ಹೋದದ್ದಲ್ಲ, ಅವರನ್ನು ಎಬ್ಬಿಸಿ ಕಳಿಸಿದ್ದು.

1971ರಲ್ಲಿ ಮೆಕ್ಸಿಕೊದಲ್ಲಿ ಫಿಫಾ ಒಪ್ಪದ ಮಹಿಳಾ ವಿಶ್ವಕಪ್ ಒಂದು ನಡೆಯಿತು. ಅಲ್ಲಿನ ಪತ್ರಿಕೆ, ಟಿವಿಗಳು ಅದನ್ನು ಊರಹಬ್ಬ ಮಾಡಿದವು. ಅಜ್ಟೆಕಾ ಕ್ರೀಡಾಂಗಣದಲ್ಲಿ ಡೆನ್ಮಾರ್ಕ್ 3–0ಯಿಂದ ಮೆಕ್ಸಿಕೊವನ್ನು ಸೋಲಿಸಿದ ಫೈನಲ್‌ಗೆ ಸುಮಾರು 1.10 ಲಕ್ಷ ಜನ. ಆಮೇಲೆ ದೀರ್ಘ ಮೌನ. 1999ರ ವಿಶ್ವಕಪ್ ಫೈನಲ್‌ಗೆ ಅಮೆರಿಕದ ರೋಸ್ ಬೌಲ್‌ನಲ್ಲಿ 90,185 ಮಂದಿ ಸೇರಿದಾಗ ಅದನ್ನೇ ದಾಖಲೆ ಎಂದು ಬರೆದರು. ಆ ಫೈನಲ್‌ನಲ್ಲಿ ಗೆಲುವಿನ ಪೆನಾಲ್ಟಿ ಹೊಡೆದ ಬ್ರಾಂಡಿ ಚಸ್ಟೇನ್ ಅವರಿಗೆ ‘ಕೋಪಾ 71’ ಸಾಕ್ಷ್ಯಚಿತ್ರದಲ್ಲಿ ಮೆಕ್ಸಿಕೊದ ಹಳೆಯ ದೃಶ್ಯಗಳನ್ನು ತೋರಿಸುತ್ತಾರೆ. ಆಕೆ ಬೆರಗಾಗುತ್ತಾರೆ. ತನ್ನ ಆಟದ ಅಜ್ಜಿಯರೇ ಆಕೆಗೆ ಗೊತ್ತಿರಲಿಲ್ಲ.

ಕಳಕೊಂಡ ನೋಡುಗರನ್ನು ಮತ್ತೆ ಕರೆತಂದದ್ದು ಹೊಗಳಿಕೆಯ ಲೇಖನಗಳಲ್ಲ, ದಿನಗೂಲಿಯಂಥ ವರದಿಗಾರಿಕೆ. ‘ಗಾರ್ಡಿಯನ್’ ಪತ್ರಿಕೆಯಲ್ಲಿ ಸುಝಾನ್ ರ‍್ಯಾಕ್ ಅವರಿಗೆ ಮಹಿಳಾ ಫುಟ್‌ಬಾಲೇ ಪೂರ್ತಿ ಹೊಣೆ. ಯಾರಿಗೆ ಗಾಯ, ಯಾವ ಕೋಚ್ ಎಡವಿದರು, ಅಂಕಪಟ್ಟಿಯಲ್ಲಿ ಯಾರು ಜಾರಿದರು ಎಂಬುದೆಲ್ಲ ಗಂಡಸರ ಆಟಕ್ಕೆ ಬರೆಯುವ ಹಾಗೆಯೇ ಬರಬೇಕು. ಕೆಟ್ಟದಾಗಿ ಆಡಿದರೆ ಕೆಟ್ಟದಾಗಿ ಆಡಿದರು ಎಂದು ಬರೆಯುವುದೂ ಗೌರವವೇ. ಓದುಗನಿಗೆ ಅಲ್ಲೊಂದು ಪಕ್ಷ ಸಿಗುತ್ತದೆ, ಜಗಳಕ್ಕೆ ವಿಷಯ ಸಿಗುತ್ತದೆ, ಮುಂದಿನ ಭಾನುವಾರಕ್ಕೆ ಕಾಯುತ್ತಾನೆ. 2021ರಿಂದ ಇಂಗ್ಲೆಂಡಿನ ಮಹಿಳಾ ಲೀಗ್ ಸ್ಕೈ ಮತ್ತು ಬಿಬಿಸಿಯಲ್ಲಿ ನಿಯಮಿತವಾಗಿ ಬರತೊಡಗಿತು. 2022ರ ಯೂರೊ ಫೈನಲ್‌ಗೆ ವೆಂಬ್ಲಿಯಲ್ಲಿ 87,192 ಜನ. ಬಿಬಿಸಿಯಲ್ಲಿ ಒಂದು ಹಂತದಲ್ಲಿ 1.74 ಕೋಟಿ.

ನಮ್ಮ ಕಡೆ? 2025ರ ಜುಲೈ 5ರಂದು ಥಾಯ್ಲೆಂಡಿನ ಚಿಯಾಂಗ್ ಮಾಯ್‌ನಲ್ಲಿ ಭಾರತ 2–1ರಿಂದ ಆತಿಥೇಯರನ್ನು ಮಣಿಸಿ, ಮೊದಲ ಸಲ ಅರ್ಹತಾ ಸುತ್ತು ಗೆದ್ದು ಏಷ್ಯನ್ ಕಪ್‌ಗೆ ಹೋಯಿತು. ಎರಡೂ ಗೋಲು ಸಂಗೀತಾ ಬಾಸ್ಫೋರ್ ಅವರದು. ಕ್ರಿಕೆಟಿಗರ ಮನೆ ನಾಯಿಯ ಹೆಸರು ಗೊತ್ತಿರುವ ನಮ್ಮ ಓದುಗರಲ್ಲಿ ಈ ಹೆಸರು ಎಷ್ಟು ಜನಕ್ಕೆ ಗೊತ್ತು? ಇಂಡಿಯನ್ ವಿಮೆನ್ಸ್ ಲೀಗ್ ಆಡುವ ಕಿಕ್‌ಸ್ಟಾರ್ಟ್ ಎಫ್‌ಸಿ ಬೆಂಗಳೂರಿನದೇ ತಂಡ ಎಂಬುದು? ತಪ್ಪು ಓದುಗರದಲ್ಲ, ನನ್ನ ಕತ್ತರಿಯದು.

ಆ ಅಪ್ಪನ ಫೋನಿನ ನಂತರ ನಾನು ಮಾಡಿಕೊಂಡ ನಿಯಮ ಸಣ್ಣದು. ಸುದ್ದಿ ನಾಲ್ಕೇ ಸಾಲಾಗಲಿ, ಗೋಲು ಹೊಡೆದವಳ ಹೆಸರು, ಹೊಡೆದ ನಿಮಿಷ ಇರಬೇಕು. ಕೊನೆಯಲ್ಲಿ ಮುಂದಿನ ಪಂದ್ಯ ಎಲ್ಲಿ, ಎಷ್ಟು ಗಂಟೆಗೆ ಎಂಬ ಒಂದು ಸಾಲು.

ಒಂದು ವಾರ ಆ ಕೊನೆಯ ಸಾಲು ಬಿಟ್ಟುಹೋಯಿತು. ಮಧ್ಯಾಹ್ನ ಫೋನು, ವಯಸ್ಸಾದ ದನಿ. ‘ಇವತ್ತು ಟೈಮ್ ಹಾಕಿಲ್ವಲ್ಲ ಸಾರ್? ಆ ಹತ್ತನೇ ನಂಬರ್ ಹುಡುಗಿ ಆಡ್ತಾಳೆ ತಾನೆ?’

ಸಮಯ ಹೇಳಿ, ಅಭ್ಯಾಸಬಲದಿಂದ ಕೇಳಿದೆ: ‘ಅವಳು ನಿಮಗೇನಾಗಬೇಕು?’

‘ಏನೂ ಆಗಬೇಕಿಲ್ಲ. ಎಡಗಾಲಲ್ಲಿ ಚೆನ್ನಾಗಿ ಹೊಡೀತಾಳೆ.’