ಗುಂಡಿನ ವೇಗವನ್ನಳೆದ ಲೋಲಕ

ಕೋವಿಯಿಂದ ಹೊರಟ ಗುಂಡು ಎಷ್ಟು ವೇಗದಿಂದ ಚಲಿಸುವುದು? ಸೆಕೆಂಡಿನ ಸಾವಿರದಲ್ಲೊಂದು ಭಾಗವನ್ನು ಗುರುತಿಸಬಲ್ಲ ಗಡಿಯಾರವಿಲ್ಲದಿದ್ದ ಕಾಲದಲ್ಲಿ ಈ ಪ್ರಶ್ನೆಗೆ ಉತ್ತರ ಕೊಟ್ಟವನು ಇಂಗ್ಲೆಂಡಿನ ಗಣಿತಜ್ಞ ಬೆಂಜಮಿನ್ ರಾಬಿನ್ಸ್. 1742ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಅವನು ಬ್ಯಾಲಿಸ್ಟಿಕ್ ಲೋಲಕವನ್ನು ವರ್ಣಿಸಿದನು.

ಕಬ್ಬಿಣದ ತಗಡಿಗೆ ದಪ್ಪನೆಯ ಮರದ ಹಲಗೆಯನ್ನು ಬಿಗಿದು ತೂಗುಬಿಟ್ಟು, ಅದಕ್ಕೆ ಗುಂಡು ಹೊಡೆಯುವುದೇ ಅವನ ಉಪಾಯ. ಗುಂಡು ಮರದಲ್ಲಿ ನಾಟಿಕೊಳ್ಳುತ್ತಿತ್ತು. ಲೋಲಕವು ಹಿಂದಕ್ಕೆ ತೂಗುತ್ತಿತ್ತು. ಅದರ ತುದಿಗೆ ಸಿಕ್ಕಿಸಿದ್ದ ರಿಬ್ಬನ್ ಎಷ್ಟು ಉದ್ದ ಎಳೆಯಲ್ಪಟ್ಟಿತೆಂಬುದರಿಂದ ತೂಗಾಟದ ಅಳತೆ ದೊರೆಯುತ್ತಿತ್ತು.

ಲೆಕ್ಕವನ್ನು ಸರಳ ಉದಾಹರಣೆಯೊಂದರಿಂದ ತಿಳಿಯೋಣ. 10 ಗ್ರಾಂ ಗುಂಡು 1,990 ಗ್ರಾಂ ಮರದ ತುಂಡಿನಲ್ಲಿ ನಾಟಿ, ಎರಡೂ ಒಟ್ಟಾಗಿ 20 ಸೆಂಟಿಮೀಟರ್ ಮೇಲೇರಿದುವೆನ್ನೋಣ. ಇಲ್ಲಿ ವಿದ್ಯಾರ್ಥಿಗಳು ಎಡವುವುದನ್ನು ನಾವು ತರಗತಿಯಲ್ಲಿ ಮತ್ತೆ ಮತ್ತೆ ಕಂಡಿದ್ದೇವೆ. ಶಕ್ತಿಗೆ ನಾಶವಿಲ್ಲವಾದುದರಿಂದ ಗುಂಡಿನ ಚಲನಶಕ್ತಿಯೆಲ್ಲವೂ ತುಂಡನ್ನು ಮೇಲೆತ್ತಲು ವಿನಿಯೋಗವಾಯಿತೆಂದು ಅವರು ಒಂದೇ ಹೆಜ್ಜೆಯಲ್ಲಿ ಲೆಕ್ಕ ಮುಗಿಸುತ್ತಾರೆ. ಆಗ ಬರುವ ವೇಗ ಸೆಕೆಂಡಿಗೆ 28 ಮೀಟರ್, ಎಂದರೆ ಗಂಟೆಗೆ ಸುಮಾರು 100 ಕಿಲೋಮೀಟರ್. ಇದು ಹೆದ್ದಾರಿಯ ಮೋಟಾರಿನ ವೇಗವೇ ಹೊರತು ಕೋವಿಯ ಗುಂಡಿನದಲ್ಲ!

ತಪ್ಪೆಲ್ಲಿದೆ? ಗುಂಡು ಮರವನ್ನು ಸೀಳಿಕೊಂಡು ನಿಲ್ಲುವಾಗ ಅದರ ಚಲನಶಕ್ತಿಯ ಬಹುಭಾಗ ಶಾಖವಾಗಿಯೂ ಮರದ ನಾರುಗಳನ್ನು ಹರಿಯುವ ಕೆಲಸದಲ್ಲಿಯೂ ವ್ಯಯವಾಗುತ್ತದೆ. ಸಂವೇಗವಾದರೋ ಹಾಗೆ ವ್ಯಯವಾಗುವುದಿಲ್ಲ. ಆ ಅಲ್ಪ ಕ್ಷಣದಲ್ಲಿ ಗುಂಡು ಕಳೆದುಕೊಂಡಷ್ಟನ್ನೇ ತುಂಡು ಪಡೆಯುತ್ತದೆ. ಆದುದರಿಂದ ಲೆಕ್ಕವನ್ನು ಎರಡು ಹೆಜ್ಜೆಗಳಲ್ಲಿ ಮಾಡಬೇಕು.

ಮೊದಲು ತೂಗಾಟ. ಇಲ್ಲಿ ಶಕ್ತಿಯ ನಿಯಮ ಸಲ್ಲುತ್ತದೆ. 20 ಸೆಂಟಿಮೀಟರ್ ಏರಬೇಕಾದರೆ ತುಂಡು ಸೆಕೆಂಡಿಗೆ 1.98 ಮೀಟರ್ ವೇಗದಿಂದ ಹೊರಟಿರಬೇಕು. ಬಳಿಕ ಸಂಘಟ್ಟನೆ. ಇಲ್ಲಿ ಸಂವೇಗದ ನಿಯಮ ಸಲ್ಲುತ್ತದೆ. ಒಟ್ಟು ದ್ರವ್ಯರಾಶಿ ಗುಂಡಿನ 200ರಷ್ಟಿರುವುದರಿಂದ, ಗುಂಡಿನ ವೇಗವೂ 1.98ರ 200ರಷ್ಟು: ಸೆಕೆಂಡಿಗೆ 396 ಮೀಟರ್. ಗುಂಡು ತಂದ 784 ಜೂಲ್‌ಗಳಲ್ಲಿ ತೂಗಾಟಕ್ಕೆ ಉಳಿದದ್ದು ಸುಮಾರು 4 ಮಾತ್ರ!

ರಾಬಿನ್ಸನು ಲೋಲಕವನ್ನು ಕೋವಿಯಿಂದ ಬೇರೆ ಬೇರೆ ದೂರಗಳಲ್ಲಿರಿಸಿ ನೋಡಿದಾಗ, ವೇಗದ ಗುಂಡಿಗೆ ಗಾಳಿ ಒಡ್ಡುವ ತಡೆ ಅಂದಿನವರು ಎಣಿಸಿದ್ದಕ್ಕಿಂತ ಬಹಳ ಹೆಚ್ಚೆಂದು ಕಂಡುಬಂದಿತು. ಗುಂಡಿನ ಹಾದಿ ಅಚ್ಚುಕಟ್ಟಾದ ಪರವಲಯವೆಂಬ ನಂಬಿಕೆ ಸಡಿಲವಾಯಿತು. ಮಹಾಗಣಿತಜ್ಞ ಆಯ್ಲರನು 1745ರಲ್ಲಿ ಆ ಗ್ರಂಥವನ್ನು ವ್ಯಾಖ್ಯಾನಸಹಿತ ಜರ್ಮನ್ ಭಾಷೆಗೆ ತಂದನು.

ನಿಯಮವನ್ನು ಬಲ್ಲೆವೆಂದರೆ ಸಾಲದು. ಅದು ಎಲ್ಲಿ ಸಲ್ಲುವುದೆಂಬುದನ್ನೂ ಅರಿತಿರಬೇಕು.