ಜಠರದ ಏಕಾಣುಜೀವಿ: ಪರೀಕ್ಷೆ, ಚಿಕಿತ್ಸೆ, ಮರುಪರೀಕ್ಷೆ

ತರೀಕೆರೆ ತಾಲ್ಲೂಕಿನ ಕೆಮ್ಮಣ್ಣುಗುಂಡಿಯ ಹೆಸರೇ ಅಲ್ಲಿಯ ನೆಲದ ಗುಣವನ್ನು ತಿಳಿಸುತ್ತದೆ. ಒಂದು ಕಾಲದಲ್ಲಿ ಆ ಬೆಟ್ಟದ ಕಬ್ಬಿಣದ ಅದುರು ಭದ್ರಾವತಿಯ ಕಾರ್ಖಾನೆಗೆ ಸಾಗುತ್ತಿತ್ತು. ಆದರೆ ಮಣ್ಣಿನಲ್ಲಿ ಕಬ್ಬಿಣವಿದ್ದ ಮಾತ್ರಕ್ಕೆ ಅದರ ಮೇಲೆ ಬಾಳುವವರ ರಕ್ತದಲ್ಲಿಯೂ ಅದು ಸಾಕಷ್ಟಿರಬೇಕೆಂಬ ನಿಯಮವಿಲ್ಲ. ರಕ್ತಹೀನತೆಗೆ ಆಹಾರದ ಕೊರತೆ, ಕೊಕ್ಕೆಹುಳು, ಮುಟ್ಟಿನ ಅತಿಸ್ರಾವ ಮೊದಲಾದ ಕಾರಣಗಳುಂಟು. ಇವಾವುವೂ ಅಲ್ಲವೆಂದು ತಿಳಿದ ಮೇಲೂ, ಕಬ್ಬಿಣದ ಮಾತ್ರೆಗಳನ್ನು ತಪ್ಪದೆ ನುಂಗಿದರೂ ರೋಗಿ ಚೇತರಿಸಿಕೊಳ್ಳದಿದ್ದರೆ, ವೈದ್ಯರು ಇಂದು ಜಠರದತ್ತ ದೃಷ್ಟಿ ಹರಿಸುತ್ತಾರೆ. ಅಲ್ಲಿ ನೆಲೆಸಿರಬಹುದಾದ ಹೆಲಿಕೋಬ್ಯಾಕ್ಟರ್ ಪೈಲೊರಿ ಎಂಬ ಏಕಾಣುಜೀವಿಯೇ ಈ ಲೇಖನದ ವಿಷಯ.

ಜಠರದ ಆಮ್ಲದಲ್ಲಿ ಯಾವ ಸೂಕ್ಷ್ಮಜೀವಿಯೂ ಬಹುಕಾಲ ಬದುಕಲಾರದೆಂದು ಹಿಂದೆ ನಂಬಲಾಗಿತ್ತು. ಜಠರವ್ರಣಕ್ಕೆ ಮನಸ್ಸಿನ ಕಳವಳ, ಖಾರದ ಊಟ, ಅತಿಯಾದ ಆಮ್ಲ ಇವುಗಳನ್ನೇ ಹೊಣೆಮಾಡುತ್ತಿದ್ದರು. ಆಸ್ಟ್ರೇಲಿಯದ ಪರ್ತ್ ನಗರದಲ್ಲಿ ರಾಬಿನ್ ವಾರನ್ ಮತ್ತು ಬ್ಯಾರಿ ಮಾರ್ಷಲ್ ಎಂಬ ವೈದ್ಯರು 1982ರಲ್ಲಿ ರೋಗಿಗಳ ಜಠರದಿಂದ ಈ ಸುರುಳಿಯಾಕಾರದ ಜೀವಿಯನ್ನು ಪಡೆದು ಪ್ರಯೋಗಶಾಲೆಯಲ್ಲಿ ಬೆಳೆಸಿದರು. ಸಂದೇಹಪಟ್ಟವರಿಗೆ ಉತ್ತರವಾಗಿ ಮಾರ್ಷಲ್ಲರು 1984ರಲ್ಲಿ ಅದರ ಕೃಷಿಕೆಯನ್ನು ತಾವೇ ಕುಡಿದು ಜಠರದ ಉರಿಯೂತವನ್ನು ಅನುಭವಿಸಿದರು. 2005ರಲ್ಲಿ ಇವರಿಬ್ಬರಿಗೂ ನೊಬೆಲ್ ಪಾರಿತೋಷಕ ಸಂದಿತು.

ಈ ಜೀವಿ ಆಮ್ಲವನ್ನು ಸಹಿಸುವ ಬಗೆ ಸ್ವಾರಸ್ಯವಾದುದು. ಅದು ಯೂರಿಯೇಸ್ ಎಂಬ ಕಿಣ್ವದಿಂದ ಜಠರದಲ್ಲಿರುವ ಯೂರಿಯವನ್ನು ಒಡೆದು ಅಮೋನಿಯ ಮತ್ತು ಇಂಗಾಲಾಮ್ಲವಾಯುವನ್ನು ಉಂಟುಮಾಡುತ್ತದೆ. ಅಮೋನಿಯ ಸುತ್ತಲಿನ ಆಮ್ಲವನ್ನು ಶಮನಗೊಳಿಸುತ್ತದೆ. ಜೀವಿಯು ಲೋಳೆಪದರದೊಳಗೆ ಸೇರಿ ನಿಲ್ಲುತ್ತದೆ. ಸೋಂಕು ಸಾಮಾನ್ಯವಾಗಿ ಬಾಲ್ಯದಲ್ಲಿ, ಮನೆಯವರಿಂದಲೇ ತಗಲಿ, ಚಿಕಿತ್ಸೆಯಿಲ್ಲದಿದ್ದರೆ ಬಾಳಿನುದ್ದಕ್ಕೂ ಉಳಿಯುತ್ತದೆ. ಸೋಂಕುಳ್ಳವರಲ್ಲಿ ಬಹುಮಂದಿಗೆ ಯಾವ ಬಾಧೆಯೂ ತೋರದು. ನೂರರಲ್ಲಿ ಸುಮಾರು 10ರಿಂದ 20 ಜನರಿಗೆ ಹುಣ್ಣಾಗುತ್ತದೆ. ಕೆಲವೇ ಜನರಲ್ಲಿ ಜಠರದ ಅರ್ಬುದ ತಲೆದೋರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅರ್ಬುದ ಸಂಶೋಧನಾ ಅಂಗವು 1994ರಲ್ಲಿ ಇದನ್ನು ಅರ್ಬುದಕಾರಕಗಳ ಮೊದಲ ವರ್ಗಕ್ಕೆ ಸೇರಿಸಿತು. ಬೆಂಗಳೂರಿನಲ್ಲಿ ಪುರುಷರಿಗೆ ಹೆಚ್ಚಾಗಿ ಬರುವ ಅರ್ಬುದಗಳಲ್ಲಿ ಜಠರದ್ದೂ ಒಂದೆಂಬುದನ್ನು ಇಲ್ಲಿ ನೆನೆಯಬಹುದು. ಇನ್ನು ರಕ್ತಹೀನತೆಗೆ ಬಂದರೆ, ಹುಣ್ಣಿನಿಂದ ಒಸರುವ ರಕ್ತವೊಂದು ಕಾರಣ. ದೀರ್ಘಕಾಲದ ಉರಿಯೂತದಿಂದ ಆಮ್ಲ ಕುಗ್ಗಿ, ಆಹಾರದ ಕಬ್ಬಿಣ ಸರಿಯಾಗಿ ಹೀರಲ್ಪಡದಿರುವುದು ಮತ್ತೊಂದು.

ಹಾಗಾದರೆ ಸೋಂಕನ್ನು ಅರಿಯುವುದೆಂತು? ಜೀವಿಯನ್ನು ಕಾಪಾಡುವ ಕಿಣ್ವವೇ ಅದರ ಗುಟ್ಟನ್ನು ಬಿಟ್ಟುಕೊಡುತ್ತದೆ. ಗುರುತುಮಾಡಿದ ಇಂಗಾಲವುಳ್ಳ ಯೂರಿಯವನ್ನು ರೋಗಿಗೆ ಕುಡಿಸಿದಾಗ, ಸೋಂಕಿದ್ದರೆ ಆ ಇಂಗಾಲ ಉಸಿರಿನಲ್ಲಿ ಹೊರಬರುತ್ತದೆ. ಇದು ಉಸಿರಿನ ಪರೀಕ್ಷೆ. ಮಲದಲ್ಲಿ ಜೀವಿಯ ಪ್ರೋಟೀನನ್ನು ಹುಡುಕುವುದು ಎರಡನೆಯ ಮಾರ್ಗ. ಅಂತರ್ದರ್ಶಕದಿಂದ ತೆಗೆದ ಅಂಗಾಂಶದ ಚೂರಿನ ಪರೀಕ್ಷೆ ಮೂರನೆಯದು. ರಕ್ತದ ಪ್ರತಿಕಾಯ ಪರೀಕ್ಷೆ ಸುಲಭವಾದರೂ ಹಳೆಯ ಸೋಂಕನ್ನೂ ಈಗಿನದನ್ನೂ ಬೇರ್ಪಡಿಸಲಾರದು. ಬೆಟ್ಟದೂರಿನ ರೋಗಿಗೆ ಮಲಪರೀಕ್ಷೆ ಹೆಚ್ಚು ಅನುಕೂಲವೆಂದು ನಮಗೆ ತೋರುತ್ತದೆ. ಮಾದರಿಯನ್ನು ತಂಪಿನಲ್ಲಿಟ್ಟು ಪ್ರಯೋಗಶಾಲೆಗೆ ಕಳುಹಿಸಬಹುದು, ರೋಗಿಯು ದಿನದ ಕೂಲಿಯನ್ನು ಕಳೆದುಕೊಂಡು ದೂರದ ಪಟ್ಟಣಕ್ಕೆ ಹೋಗಬೇಕಿಲ್ಲ. ಆದರೆ ರಕ್ತವಾಂತಿ, ಡಾಂಬರಿನಂಥ ಕಪ್ಪು ಮಲ, ನುಂಗಲು ಕಷ್ಟ, ತೂಕದ ಇಳಿತ ಇವುಗಳಲ್ಲಿ ಯಾವುದಿದ್ದರೂ, ಅಥವಾ ಬಾಧೆಯು ಇಳಿವಯಸ್ಸಿನಲ್ಲಿ ಹೊಸದಾಗಿ ಬಂದರೂ, ತಡಮಾಡದೆ ಅಂತರ್ದರ್ಶನ ಮಾಡಿಸಲೇಬೇಕು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. "ಗ್ಯಾಸ್ಟ್ರಿಕ್" ಎಂದು ಅಂಗಡಿಯಿಂದ ತಂದು ನುಂಗುವ ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್ ಮಾತ್ರೆಗಳು ಜೀವಿಗಳ ಸಂಖ್ಯೆಯನ್ನು ತಗ್ಗಿಸಿ, ಸೋಂಕಿದ್ದರೂ ಇಲ್ಲವೆಂಬ ಫಲವನ್ನು ತೋರಿಸಬಲ್ಲವು. ಆದಕಾರಣ ಪರೀಕ್ಷೆಗೆ ಮುನ್ನ ವೈದ್ಯರ ಸಲಹೆಯಂತೆ ಇವುಗಳನ್ನು ಎರಡು ವಾರ, ಜೀವಿರೋಧಕಗಳನ್ನು ನಾಲ್ಕು ವಾರ ನಿಲ್ಲಿಸಿರಬೇಕು.

ಸೋಂಕು ಖಚಿತವಾದರೆ ಒಂದೇ ಔಷಧದಿಂದ ಅದು ಅಳಿಯದು. ಆಮ್ಲನಿರೋಧಕ, ಬಿಸ್ಮತ್, ಟೆಟ್ರಾಸೈಕ್ಲಿನ್, ಮೆಟ್ರೊನಿಡಜೋಲ್ ಇವು ನಾಲ್ಕನ್ನೂ 14 ದಿನ ಕೊಡುವುದು ಇಂದು ಹೆಚ್ಚು ಒಪ್ಪಿತವಾದ ಕ್ರಮಗಳಲ್ಲೊಂದು. ಮೆಟ್ರೊನಿಡಜೋಲನ್ನು ನಮ್ಮ ದೇಶದಲ್ಲಿ ಭೇದಿಗೆ ಧಾರಾಳವಾಗಿ ಬಳಸಿರುವುದರಿಂದ ಅದಕ್ಕೆ ಬಗ್ಗದ ಜೀವಿಗಳು ಹೆಚ್ಚಾಗಿವೆ. ಕ್ಲಾರಿಥ್ರೊಮೈಸಿನ್ನಿಗೂ ಅನೇಕ ಕಡೆ ಇದೇ ಗತಿ. ಐದಾರು ದಿನಗಳಲ್ಲಿ ಎದೆಯುರಿ ಇಳಿಯಿತೆಂದು ರೋಗಿ ಔಷಧವನ್ನು ಬಿಟ್ಟರೆ, ಉಳಿದ ಜೀವಿಗಳು ಇನ್ನಷ್ಟು ಗಟ್ಟಿಯಾಗುವ ಸಂಭವವಿದೆ. ಬಿಸ್ಮತ್ತಿನಿಂದ ನಾಲಗೆಯೂ ಮಲವೂ ಕಪ್ಪಾಗುವುದನ್ನು, ಕಬ್ಬಿಣದ ಮಾತ್ರೆಯಿಂದಲೂ ಮಲ ಕಪ್ಪಾಗುವುದನ್ನು ರೋಗಿಗೆ ಮೊದಲೇ ತಿಳಿಸಬೇಕು. ಇಲ್ಲವಾದರೆ ರಕ್ತಸ್ರಾವವೆಂದು ಹೆದರಿ ಅವನು ಚಿಕಿತ್ಸೆಯನ್ನೇ ನಿಲ್ಲಿಸಿಯಾನು.

ಚಿಕಿತ್ಸೆ ಮುಗಿದು ಕಡಮೆಯೆಂದರೆ ನಾಲ್ಕು ವಾರಗಳಾದ ಮೇಲೆ ಉಸಿರನ್ನಾಗಲಿ ಮಲವನ್ನಾಗಲಿ ಮತ್ತೆ ಪರೀಕ್ಷಿಸಬೇಕು. ನಿತ್ಯ ವ್ಯವಹಾರದಲ್ಲಿ ಸುಲಭವಾಗಿ ತಪ್ಪಿಹೋಗುವ ಹೆಜ್ಜೆ ಇದೇ. ನೋವಿಲ್ಲದಿರುವುದು ಬೇರೆ, ಸೋಂಕಿಲ್ಲದಿರುವುದು ಬೇರೆ. ಆಮ್ಲವನ್ನು ಮಾತ್ರ ಅಡಗಿಸಿ ಮಾಯಿಸಿದ ಹುಣ್ಣು ಬಹುಪಾಲು ರೋಗಿಗಳಲ್ಲಿ ಮರುಕಳಿಸುತ್ತಿತ್ತು. ಜೀವಿ ನಿರ್ಮೂಲವಾದವರಲ್ಲಿ ಅದು ವಿರಳ. ನೋವುನಿವಾರಕ ಮಾತ್ರೆಗಳೂ ಹುಣ್ಣನ್ನುಂಟುಮಾಡುವುದರಿಂದ ಅವುಗಳ ಬಳಕೆಯನ್ನೂ ವಿಚಾರಿಸಬೇಕೆಂಬುದು ನಿಜ. ಹೃದ್ರೋಗಕ್ಕಾಗಿ ಆಸ್ಪಿರಿನ್ ಸೇವಿಸುತ್ತಿದ್ದ ಸೋಂಕಿತರನ್ನು ಕುರಿತು ಬ್ರಿಟನ್ನಿನಲ್ಲಿ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನವು, ಸೋಂಕಿನ ನಿವಾರಣೆಯಿಂದ ಮೊದಲ ಎರಡೂವರೆ ವರ್ಷಗಳಲ್ಲಿ ಹುಣ್ಣಿನ ರಕ್ತಸ್ರಾವ ತಗ್ಗಿತೆಂದೂ, ಆ ಬಳಿಕ ಈ ಲಾಭ ಉಳಿಯಲಿಲ್ಲವೆಂದೂ ತೋರಿಸಿತು. ಚಿಕಿತ್ಸೆಯ ಪ್ರಯೋಜನವನ್ನೂ ಮಿತಿಯನ್ನೂ ಇದರಿಂದ ಅರಿಯಬಹುದು.

ವರ್ಷಗಟ್ಟಲೆ ಮಾತ್ರೆ ನುಂಗುತ್ತ, ಬಾಡಿದ ಮುಖದಲ್ಲಿ ತೋಟದ ಕೆಲಸಕ್ಕೆ ಹೋಗುವ ಮಹಿಳೆಗೆ ಬೇಕಾದುದು ಇನ್ನೊಂದು ಪಟ್ಟಿ ಮಾತ್ರೆಯಲ್ಲ. ಒಂದು ಪರೀಕ್ಷೆ, ಎರಡು ವಾರದ ಪೂರ್ಣ ಚಿಕಿತ್ಸೆ, ಮತ್ತೊಂದು ಪರೀಕ್ಷೆ ಇಷ್ಟನ್ನು ಅವಳ ಊರಿನ ಸಮೀಪದಲ್ಲಿಯೇ ಒದಗಿಸುವುದು ಸಾಧ್ಯವಾದರೆ, ಪರ್ತಿನ ಪ್ರಯೋಗಶಾಲೆಯ ಆ ಶೋಧನೆ ನಮ್ಮ ಮಲೆನಾಡಿಗೂ ಮುಟ್ಟಿದಂತಾಗುವುದು.