ವೈದ್ಯನು ‘ತಿಳಿಯದು’ ಎಂದಾಗ

ಹೊನ್ನಾಳಿಯ ಸೀಮೆಯಲ್ಲಿ ಮನೆಗೆ ಬಂದವರ ಮುಂದೆ ಎಲೆಯಡಿಕೆಯ ತಟ್ಟೆಯನ್ನಿಡುವುದು ಮರ್ಯಾದೆ. ಹೊಗೆಸೊಪ್ಪು ಬೆರೆಯದಿದ್ದರೂ ಅಡಿಕೆಯು ಏಡಿಗಂತಿಗೆ, ಎಂದರೆ ಕ್ಯಾನ್ಸರಿಗೆ, ಕಾರಣವಾಗಬಲ್ಲದೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಂಶೋಧನಾ ಮಂಡಲಿಯು 2004ರಲ್ಲಿ ಪ್ರಕಟಿಸಿತು. ಆದುದರಿಂದ ಬಾಯಿಯ ಏಡಿಗಂತಿಯನ್ನು ಕುರಿತ ಈ ವೃತ್ತಾಂತವು ನಮ್ಮ ಮನೆಗಳಿಗೂ ಸಂಬಂಧಪಟ್ಟುದು.

ಬಾಯಲ್ಲಿ ಗಂಟು, ಕೊರಳಿನಲ್ಲಿ ಏನೂ ಕಾಣದು. ಇಂತಹ ರೋಗಿಯ ಕೊರಳಿನ ಗ್ರಂಥಿಗಳನ್ನೂ ಆಗಲೇ ತೆಗೆಯಬೇಕೆ? ಅಲ್ಲಿ ರೋಗವು ತಲೆದೋರಿದ ಮೇಲೆ ತೆಗೆದರೆ ಸಾಲದೆ? ವೈದ್ಯರು ಬಹುಕಾಲ ವಾದಿಸಿದರು. ಕೊನೆಗೆ 2004ರಲ್ಲಿ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ಡಾಕ್ಟರ್ ಅನಿಲ್ ಡಿಕ್ರೂಜ್ ಮತ್ತು ಅವರ ಸಂಗಡಿಗರು ಪರೀಕ್ಷೆಗೆ ತೊಡಗಿದರು.

ಇಂತಹ ಪರೀಕ್ಷೆಯಲ್ಲಿ ಯಾರಿಗೆ ಯಾವ ಚಿಕಿತ್ಸೆಯೆಂಬುದನ್ನು ವೈದ್ಯನು ಆರಿಸುವಂತಿಲ್ಲ. ಚೀಟಿಯೆತ್ತಿದಂತೆ ಅದು ನಿರ್ಣಯವಾಗಬೇಕು. ಎರಡರಲ್ಲಿ ಯಾವುದು ಮೇಲೆಂದು ತನಗೂ ತಿಳಿಯದೆಂದೂ, ಒಪ್ಪದಿದ್ದರೂ ಚಿಕಿತ್ಸೆಗೆ ಕುಂದಿಲ್ಲವೆಂದೂ ರೋಗಿಗೆ ಬಾಯಿಬಿಟ್ಟು ಹೇಳಿ ಒಪ್ಪಿಗೆ ಪಡೆಯಬೇಕು. ವೈದ್ಯನು ಎಲ್ಲವನ್ನೂ ಬಲ್ಲವನೆಂದು ನಂಬಿ ಬಂದವರ ಎದುರಿಗೆ ಈ ಮಾತನ್ನಾಡುವುದು ಶಸ್ತ್ರ ಹಿಡಿಯುವುದಕ್ಕಿಂತ ಕಷ್ಟವೆಂದೇ ನನಗೆ ತೋರುತ್ತದೆ.

ಹತ್ತು ವರ್ಷಗಳಲ್ಲಿ 596 ಮಂದಿ ಸೇರಿದರು. ಮೊದಲ 500 ಮಂದಿಯ ಲೆಕ್ಕವನ್ನು ನೋಡಿದ ಮೇಲ್ವಿಚಾರಣಾ ಸಮಿತಿಯು ಪರೀಕ್ಷೆಯನ್ನೇ ನಿಲ್ಲಿಸಿಬಿಟ್ಟಿತು! ಮೂರು ವರ್ಷ ಕಳೆದಾಗ ಬದುಕಿರುವವರ ಪ್ರಮಾಣವು, ಗ್ರಂಥಿಗಳನ್ನು ಮೊದಲೇ ತೆಗೆಸಿಕೊಂಡವರಲ್ಲಿ ನೂರಕ್ಕೆ 80, ಕಾದವರಲ್ಲಿ 67.5. ಫಲಿತಾಂಶವು 2015ರಲ್ಲಿ ಅಚ್ಚಾಯಿತು. ಕೊರಳನ್ನು ಮುಟ್ಟಿ ನೋಡಿ, ಏನೂ ಇಲ್ಲವೆಂದು ಸುಮ್ಮನೆ ಕಾಯುವ ವೈದ್ಯನು ಇನ್ನು ಈ ಲೆಕ್ಕಕ್ಕೆ ಉತ್ತರ ಹೇಳಬೇಕಾಗಿದೆ.